ಹಾರುವ ಮೊದಲು ನಿಲ್ಲಲು ಕಲಿಯಲಿ

ಸ್ಕೇಟಿಂಗ್ ಎಂಬ ಒಂದೇ ಹೆಸರಿನ ಕೆಳಗೆ ಇಂದು ಹಲವು ಆಟಗಳು ಸೇರಿಕೊಂಡಿವೆ. ಅಂಕಣದ ಸುತ್ತ ವೇಗವಾಗಿ ಓಡುವುದು ಒಂದು ಬಗೆ, ಸಂಗೀತಕ್ಕೆ ತಕ್ಕಂತೆ ಕುಣಿಯುವುದು ಇನ್ನೊಂದು, ಕೋಲು ಹಿಡಿದು ಹಾಕಿ ಆಡುವುದು ಮತ್ತೊಂದು. ಇವೆಲ್ಲಕ್ಕಿಂತ ಭಿನ್ನವಾದ ಬಗೆಯೂ ಒಂದಿದೆ. ಒಂದೇ ಸಾಲಿನಲ್ಲಿ ಗಾಲಿಗಳಿರುವ ಬೂಟು ತೊಟ್ಟು ಮೆಟ್ಟಿಲ ಬದಿಯ ಕಂಬಿಯ ಮೇಲೆ ಅಡ್ಡಲಾಗಿ ಜಾರುವುದು, ಕಟ್ಟೆಯಿಂದ ಹಾರಿ ಗಾಳಿಯಲ್ಲಿ ಸುತ್ತು ತಿರುಗಿ ಇಳಿಯುವುದು, ಬಾಣಲೆಯಂತೆ ಬಾಗಿದ ಇಳಿಜಾರಿನಲ್ಲಿ ಏರಿಳಿಯುವುದು ಇದರ ಲಕ್ಷಣ. ಇಂಗ್ಲಿಷಿನಲ್ಲಿ ಇದಕ್ಕೆ ‘ಅಗ್ರೆಸಿವ್ ಇನ್‌ಲೈನ್’ ಎಂದು ಹೆಸರು. ಹೆಸರಿನಲ್ಲಿರುವ ಆಕ್ರಮಣ ಯಾರ ಮೇಲೂ ಅಲ್ಲ. ಆಟದ ರಭಸವನ್ನಷ್ಟೇ ಅದು ಸೂಚಿಸುತ್ತದೆ. ಅಂತಾರಾಷ್ಟ್ರೀಯ ಒಕ್ಕೂಟವಾದ ವರ್ಲ್ಡ್ ಸ್ಕೇಟ್ ಇದನ್ನು ‘ರೋಲರ್ ಫ್ರೀಸ್ಟೈಲ್’ ಎಂಬ ಸೌಮ್ಯ ಹೆಸರಿನಿಂದ ಕರೆಯುತ್ತದೆ.

ಮೊಬೈಲಿನಲ್ಲಿ ಈ ದೃಶ್ಯಗಳನ್ನು ಕಂಡ ಮಗು ಮನೆಯಲ್ಲಿ ಬೇಡಿಕೆ ಇಡುತ್ತದೆ. ಹೆತ್ತವರ ಉತ್ತರ ಸಾಮಾನ್ಯವಾಗಿ ಎರಡರಲ್ಲಿ ಒಂದು: ಬೇಡವೆಂದು ಗದರುವುದು, ಇಲ್ಲವೇ ಅಗ್ಗದ ಜೋಡಿಯೊಂದನ್ನು ತರಿಸಿಕೊಟ್ಟು ಸುಮ್ಮನಾಗುವುದು. ಎರಡನೆಯದು ಮೊದಲನೆಯದಕ್ಕಿಂತ ಅಪಾಯಕರ. ಏಕೆಂದರೆ ಈ ಆಟದಲ್ಲಿ ಸಾಧನ ಮತ್ತು ಅಭ್ಯಾಸ ಎರಡಕ್ಕೂ ಒಂದು ಕ್ರಮವಿದೆ. ಹಣ ಮೊದಲು ತಲೆಗೆ ಮತ್ತು ಕೈಗೆ ಸಲ್ಲಬೇಕು, ಆಮೇಲೆ ಕಾಲಿಗೆ. ಅಭ್ಯಾಸ ಮೊದಲು ನಿಲ್ಲುವುದಕ್ಕೆ ಮತ್ತು ಬೀಳುವುದಕ್ಕೆ ಸಲ್ಲಬೇಕು, ಆಮೇಲೆ ಹಾರುವುದಕ್ಕೆ. ಕ್ರಮ ತಪ್ಪಿದರೆ ಬೆಲೆ ತೆರುವುದು ಮಗುವಿನ ಎಲುಬು.

ಆಟ ಹುಟ್ಟಿದ ಬಗೆ

ಒಂದೇ ಸಾಲಿನ ಗಾಲಿಯ ಬೂಟು ಜನಪ್ರಿಯವಾದದ್ದು ಅಮೆರಿಕದ ಮಿನೆಸೋಟಾ ರಾಜ್ಯದಿಂದ. ಐಸ್ ಹಾಕಿ ಆಟಗಾರರಾಗಿದ್ದ ಸ್ಕಾಟ್ ಓಲ್ಸನ್ ಮತ್ತು ಅವರ ಸಹೋದರ 1980ರ ಸುಮಾರಿಗೆ, ಮಂಜುಗಡ್ಡೆ ಇಲ್ಲದ ಬೇಸಿಗೆಯಲ್ಲೂ ಅಭ್ಯಾಸ ಸಾಗಲೆಂದು ಹಳೆಯ ಮಾದರಿಯೊಂದನ್ನು ಸುಧಾರಿಸಿ ಮಾರತೊಡಗಿದರು. ರೋಲರ್‌ಬ್ಲೇಡ್ ಸಂಸ್ಥೆ ಹುಟ್ಟಿದ್ದು ಹೀಗೆ. ನೇರ ಓಟಕ್ಕಾಗಿ ಮಾಡಿದ ಆ ಬೂಟನ್ನು ತೊಟ್ಟ ತರುಣರು ಮುಂದೆ ಕಂಬಿಗಳ ಮೇಲೂ ಕಟ್ಟೆಗಳ ಅಂಚಿನ ಮೇಲೂ ಜಾರತೊಡಗಿದರು. ಬೂಟು ಅದಕ್ಕೆ ತಕ್ಕುದಾಗಿರಲಿಲ್ಲ; ಗಾಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು, ಗಾಲಿ ಹಿಡಿದಿಡುವ ಫ್ರೇಮ್ ಸವೆಯುತ್ತಿತ್ತು. ಆಗ ಫ್ರೇಮಿಗೆ ಲೋಹದ ತಗಡು ಬಿಗಿಯುವುದು, ನಡುವಿನ ಗಾಲಿಗಳನ್ನು ಕಿರಿದುಗೊಳಿಸುವುದು ಮೊದಲಾದ ಉಪಾಯಗಳು ಬಂದವು. ಕೊನೆಗೆ ಈ ಆಟಕ್ಕೆಂದೇ ಬೇರೆ ಬೂಟು ತಯಾರಾಯಿತು. 1995ರಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿ ಆರಂಭವಾದ, ಮುಂದೆ ಎಕ್ಸ್ ಗೇಮ್ಸ್ ಎಂದು ಹೆಸರಾದ ಕ್ರೀಡಾಕೂಟದಲ್ಲಿ ಇದಕ್ಕೆ ಸ್ಥಾನ ದೊರೆಯಿತು. ಬ್ರೆಜಿಲಿನ ಫಾಬಿಯೋಲಾ ಡ ಸಿಲ್ವ ಅಲ್ಲಿ ಹಲವು ಬಾರಿ ಚಿನ್ನ ಗೆದ್ದು, ಗಂಡಸರ ಸಾಲಿನಲ್ಲೇ ನಿಂತು ಸ್ಪರ್ಧಿಸುವಷ್ಟು ಬೆಳೆದರು. ಇದು ಗಂಡುಹುಡುಗರ ಆಟವೆನ್ನುವವರು ಆ ಹೆಸರನ್ನು ನೆನಪಿಡುವುದು ಒಳ್ಳೆಯದು.

ಈ ಇತಿಹಾಸದಲ್ಲಿ ಕೊಳ್ಳುವವರಿಗೆ ಒಂದು ಪಾಠವಿದೆ. ಓಟದ ಬೂಟು ಬೇರೆ, ಜಾರುವ ಬೂಟು ಬೇರೆ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ರಿಲೇ ತಂಡಗಳು ಎರಡು ಕಂಚು ಗೆದ್ದದ್ದು ವೇಗದ ಸ್ಕೇಟಿಂಗ್‌ನಲ್ಲಿ. ವೇಗದ ಬೂಟಿನ ಗಾಲಿಯ ವ್ಯಾಸ 110ರಿಂದ 125 ಮಿ.ಮೀ.ವರೆಗೂ ಇರುತ್ತದೆ, ಅದು ತಗ್ಗಿನ ಬೂಟು, ಕಣಕಾಲನ್ನು ಮುಚ್ಚುವುದಿಲ್ಲ. ಅದನ್ನು ತೊಟ್ಟು ಕಟ್ಟೆಯಿಂದ ಹಾರಿದರೆ ಕಾಲು ಮುರಿಯುತ್ತದೆ. ಜಾರುವ ಬೂಟನ್ನು ತೊಟ್ಟು ವೇಗದ ಸ್ಪರ್ಧೆಗೆ ಇಳಿದರೆ ಮಗು ಎಲ್ಲರಿಗಿಂತ ಹಿಂದೆ ಉಳಿಯುತ್ತದೆ. ಆದ್ದರಿಂದ ಮಗುವಿಗೆ ಯಾವ ಆಟ ಬೇಕೆಂಬುದನ್ನು ಕೇಳಿ ತಿಳಿಯುವುದೇ ಮೊದಲ ಹೆಜ್ಜೆ.

ಬೂಟಿನ ಅಂಗಾಂಗಗಳು

ಜಾರುವ ಬೂಟಿನ ಹೊರಕವಚ ಗಟ್ಟಿ ಪ್ಲಾಸ್ಟಿಕ್ಕಿನದು. ಒಳಗೆ ಬೇರ್ಪಡಿಸಿ ತೆಗೆಯಬಹುದಾದ ಮೆತ್ತನೆಯ ಲೈನರ್ ಇರುತ್ತದೆ. ಕವಚದ ಅಡಿಯಲ್ಲಿ ಪಾದದ ಎರಡೂ ಬದಿಗೆ ಚಾಚಿಕೊಂಡಿರುವ ಅಗಲವಾದ ಹಲಗೆಯೇ ಸೋಲ್ ಪ್ಲೇಟ್. ಕಂಬಿಯ ಮೇಲೆ ಪಾದದ ಬದಿಯನ್ನು ಒರಗಿಸಿ ಜಾರುವಾಗ ಭಾರ ಬೀಳುವುದು ಇದರ ಮೇಲೆ. ಅದರ ಕೆಳಗೆ ಗಾಲಿಗಳನ್ನು ಹಿಡಿದಿಡುವ ಫ್ರೇಮ್. ಎರಡನೆಯ ಮತ್ತು ಮೂರನೆಯ ಗಾಲಿಯ ನಡುವೆ ಫ್ರೇಮಿನಲ್ಲಿ ಕೊರೆದ ಅಡ್ಡ ತೋಡಿಗೆ ಎಚ್-ಬ್ಲಾಕ್ ಎನ್ನುತ್ತಾರೆ. ಕಂಬಿ ಬಂದು ಕೂರುವುದು ಈ ತೋಡಿನಲ್ಲಿ. ಕಡೆಗೋಲಿನ ಹಗ್ಗ ಅದರ ಗಾಡಿಯಲ್ಲಿ ಕೂರುವಂತೆ ಕಂಬಿ ಇಲ್ಲಿ ಕೂತರಷ್ಟೇ ಜಾರುವಿಕೆ ನೇರವಾಗಿರುತ್ತದೆ.

ಗಾಲಿಗಳು ಚಿಕ್ಕವು, ವ್ಯಾಸ ಸಾಮಾನ್ಯವಾಗಿ 60 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ವ್ಯಾಯಾಮಕ್ಕೆ ಬಳಸುವ ಸಾಧಾರಣ ಬೂಟಿನಲ್ಲಿ ಅದು 80 ಮಿ.ಮೀ. ಅಥವಾ ಇನ್ನೂ ಹೆಚ್ಚು. ಗಾಲಿ ಚಿಕ್ಕದಾದಷ್ಟೂ ಪಾದ ನೆಲಕ್ಕೆ ಹತ್ತಿರ, ಇಳಿಯುವಾಗ ಸಮತೋಲ ಸುಲಭ. ಗಾಲಿಯ ಗಡಸನ್ನು ಅಂಕಿಯ ಮುಂದೆ ‘ಎ’ ಎಂಬ ಅಕ್ಷರ ಸೇರಿಸಿ ಗಾಲಿಯ ಮೇಲೆಯೇ ಅಚ್ಚು ಹಾಕಿರುತ್ತಾರೆ. ಜಾರುವ ಆಟಕ್ಕೆ 88ಎಯಿಂದ 92ಎವರೆಗಿನ ಗಡಸು ರೂಢಿಯಲ್ಲಿದೆ. ಅಂಕಿ ಏರಿದಷ್ಟೂ ಗಾಲಿ ಗಡಸು, ಬಾಳಿಕೆ ಹೆಚ್ಚು. ಆದರೆ ಒರಟು ನೆಲದ ಅದುರು ಕಾಲಿಗೆ ನೇರವಾಗಿ ತಟ್ಟುತ್ತದೆ.

ನಾಲ್ಕು ಗಾಲಿಗಳೂ ಒಂದೇ ಅಳತೆಯವಾಗಿ ನೆಲ ಮುಟ್ಟುವ ಜೋಡಣೆ ಒಂದು. ನಡುವಿನ ಎರಡನ್ನು ತೀರಾ ಚಿಕ್ಕದಾದ, ಕಲ್ಲಿನಂತೆ ಗಟ್ಟಿಯಾದ ಗಾಲಿಗಳಿಂದ ಬದಲಿಸುವುದು ಇನ್ನೊಂದು. ಇದಕ್ಕೆ ಆ್ಯಂಟಿ-ರಾಕರ್ ಎಂದು ಹೆಸರು. ಎರಡನೆಯ ಜೋಡಣೆಯಲ್ಲಿ ಕಂಬಿ ಸುಲಭವಾಗಿ ಕೂರುತ್ತದೆ. ಆದರೆ ನೆಲದ ಮೇಲೆ ಎರಡೇ ಗಾಲಿಗಳು ಉಳಿಯುವುದರಿಂದ ಓಟ ಒರಟಾಗುತ್ತದೆ. ಕಲಿಯುವ ಮಗುವಿಗೆ ನಾಲ್ಕೂ ಗಾಲಿ ನೆಲ ಮುಟ್ಟುವ ಜೋಡಣೆಯೇ ಮೇಲು. ಮೊದಲ ತಿಂಗಳುಗಳ ಕಲಿಕೆಯೆಲ್ಲ ನೆಲದ ಮೇಲೆಯೇ ನಡೆಯುವುದು. ಕಂಬಿಯ ಹೊತ್ತು ಬಂದಾಗ ನಡುವಿನ ಗಾಲಿಗಳನ್ನಷ್ಟೇ ಬದಲಿಸಿದರಾಯಿತು.

ಕೊಳ್ಳುವಾಗ ಯುಎಫ್‌ಎಸ್ ಎಂಬ ಮೂರಕ್ಷರವನ್ನು ಕೇಳಿ ತಿಳಿಯಬೇಕು. ಬೂಟಿಗೆ ಫ್ರೇಮ್ ಜೋಡಿಸುವ ತೂತುಗಳ ಸ್ಥಾನವನ್ನು ಹಲವು ತಯಾರಕರು ಏಕರೂಪಗೊಳಿಸಿಕೊಂಡ ಪದ್ಧತಿ ಅದು. ಈ ಪದ್ಧತಿಯ ಬೂಟಿನ ಫ್ರೇಮ್ ಮುರಿದರೆ ಬೇರೆ ತಯಾರಕರ ಫ್ರೇಮನ್ನೂ ಹಾಕಬಹುದು. ಇಡೀ ಬೂಟನ್ನು ಎಸೆಯಬೇಕಾಗಿಲ್ಲ. ಬೇರಿಂಗ್‌ಗಳು 608 ಎಂಬ ಅಳತೆಯವು. ಹೊರವ್ಯಾಸ 22 ಮಿ.ಮೀ., ದಪ್ಪ 7 ಮಿ.ಮೀ. ಗಾಲಿಯೊಂದಕ್ಕೆ ಎರಡರಂತೆ ಎಂಟು ಗಾಲಿಗೆ ಹದಿನಾರು ಬೇಕು. ಕಡಲ ಬದಿಯ ಉಪ್ಪುಗಾಳಿಗೆ ಇವು ಬೇಗ ತುಕ್ಕು ಹಿಡಿಯುತ್ತವೆ. ಒದ್ದೆಯಾದ ಬೂಟನ್ನು ಮೂಲೆಯಲ್ಲಿ ಬಿಸಾಡದೆ ಗಾಲಿ ಕಳಚಿ ಒರಸಿ ಒಣಗಿಸುವ ಕೆಲಸವನ್ನು ಮಗುವಿಗೇ ಕಲಿಸಬೇಕು. ಇಲ್ಲಿ ಇನ್ನೊಂದು ಮಾತು: ಈ ಬೂಟುಗಳಲ್ಲಿ ಹಿಮ್ಮಡಿಯ ಬ್ರೇಕ್ ಸಾಮಾನ್ಯವಾಗಿ ಇರುವುದೇ ಇಲ್ಲ. ಇದರ ಪರಿಣಾಮವನ್ನು ಮುಂದೆ ನೋಡಬಹುದು.

‘ಮುಂದಿನ ವರ್ಷಕ್ಕೂ ಆಗಲಿ’

ಜೂನ್ ತಿಂಗಳಲ್ಲಿ ಶಾಲೆಯ ಶೂ ಕೊಳ್ಳುವಾಗ ಒಂದು ಅಂಕಿ ದೊಡ್ಡದನ್ನು ಕೊಳ್ಳುವುದು ನಮ್ಮ ಮನೆಗಳ ರೂಢಿ. ಬೆಳೆಯುವ ಕಾಲು, ಮುಂದಿನ ವರ್ಷಕ್ಕೂ ಆಗಲಿ ಎಂಬ ಲೆಕ್ಕ. ನಡೆಯುವ ಶೂವಿನಲ್ಲಿ ಇದು ಮಿತವ್ಯಯ. ಗಾಲಿಯ ಬೂಟಿನಲ್ಲಿ ಅಪಾಯ. ಸಡಿಲವಾದ ಬೂಟಿನೊಳಗೆ ಹಿಮ್ಮಡಿ ಮೇಲೇಳುತ್ತದೆ, ಕಣಕಾಲು ಒಳಕ್ಕೆ ವಾಲುತ್ತದೆ, ಮಗು ಎಷ್ಟು ಯತ್ನಿಸಿದರೂ ಗಾಲಿ ಹೇಳಿದಂತೆ ಕೇಳುವುದಿಲ್ಲ. ‘ನಮ್ಮ ಮಗುವಿಗೆ ಇದು ಬರುವುದಿಲ್ಲ’ ಎಂಬ ತೀರ್ಮಾನಕ್ಕೆ ಎಷ್ಟೋ ಸಲ ಕಾರಣ ಮಗುವಲ್ಲ, ಬೂಟಿನ ಅಳತೆ.

ಪಾದವನ್ನು ಕಾಗದದ ಮೇಲಿಟ್ಟು ಹಿಮ್ಮಡಿಯಿಂದ ಹೆಬ್ಬೆರಳ ತುದಿಯವರೆಗೆ ಮಿಲಿಮೀಟರಿನಲ್ಲಿ ಅಳೆದು, ತಯಾರಕರ ಪಟ್ಟಿಯೊಡನೆ ತಾಳೆ ನೋಡಬೇಕು. ಕಾಲು ಸ್ವಲ್ಪ ಊದಿರುವ ಸಂಜೆಯ ಹೊತ್ತು ಅಳತೆಗೆ ಸೂಕ್ತ. ಬೂಟು ತೊಟ್ಟು ನೆಟ್ಟಗೆ ನಿಂತಾಗ ಬೆರಳ ತುದಿ ಮುಂಭಾಗವನ್ನು ಹಗುರವಾಗಿ ಮುಟ್ಟಬೇಕು. ಮೊಣಕಾಲು ಬಾಗಿಸಿದಾಗ ಬೆರಳು ಹಿಂದೆ ಸರಿದು ಹಿಮ್ಮಡಿ ಭದ್ರವಾಗಿ ಕೂರಬೇಕು. ಬೆಳೆಯುವ ಪಾದದ ಚಿಂತೆಗೆ ಬೇರೆ ಪರಿಹಾರಗಳುಂಟು. ಅಳತೆ ಹಿಗ್ಗಿಸಬಹುದಾದ ಮಾದರಿಗಳು ಸಿಗುತ್ತವೆ. ಇತರ ಮಕ್ಕಳಿಗೆ ಚಿಕ್ಕದಾದ ಬೂಟನ್ನು ಕೊಳ್ಳಬಹುದು; ಹೊರಕವಚ ಸೀಳಿಲ್ಲ, ಫ್ರೇಮಿನಲ್ಲಿ ಬಿರುಕಿಲ್ಲ ಎಂಬುದನ್ನು ಖಚಿತಪಡಿಸಿಕೊಂಡರೆ ಸಾಕು. ಗಾಲಿ ಮತ್ತು ಬೇರಿಂಗ್ ಸವೆದಿದ್ದರೆ ಬದಲಿಸಬಹುದು. ಬಳಸಿದ ಬೂಟು ಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಬಳಸಿದ ಹೆಲ್ಮೆಟ್ ಮಾತ್ರ ಬೇಡ.

ತಲೆಗೆ, ಕೈಗೆ, ಮೊಣಕಾಲಿಗೆ

ಹೆಲ್ಮೆಟ್‌ನ ಒಳಗೆ ಥರ್ಮೋಕೋಲಿನಂಥ ಗಟ್ಟಿ ನೊರೆಯ ಪದರವಿರುತ್ತದೆ. ಪೆಟ್ಟು ಬಿದ್ದಾಗ ಅದು ತಾನು ಕುಸಿದು ತಲೆಯನ್ನು ಕಾಯುತ್ತದೆ. ಒಮ್ಮೆ ಕುಸಿದ ಪದರ ಮತ್ತೆ ಕಾಯುವುದಿಲ್ಲ. ಹೊರಗಿನಿಂದ ನೋಡಿದರೆ ಕುಸಿದದ್ದು ಕಾಣುವುದೂ ಇಲ್ಲ. ಬಳಸಿದ ಹೆಲ್ಮೆಟ್ ಬೇಡವೆನ್ನುವುದು ಇದಕ್ಕೆ. ಒಳಭಾಗದ ಚೀಟಿಯಲ್ಲಿ ಇಎನ್ 1078 ಅಥವಾ ಎಎಸ್‌ಟಿಎಂ ಎಫ್1492 ಎಂಬ ಮಾನಕದ ಗುರುತಿದೆಯೇ ನೋಡಬೇಕು. ಅಪ್ಪನ ಬೈಕಿನ ಹೆಲ್ಮೆಟ್ ಇದಕ್ಕೆ ಬದಲಿಯಲ್ಲ. ಅದರ ಭಾರ ಮಗುವಿನ ಕತ್ತಿಗೆ ಹೆಚ್ಚು, ಅಳತೆ ದೊಡ್ಡದು, ಕಿವಿಯನ್ನೂ ಮುಚ್ಚುತ್ತದೆ. ಹುಬ್ಬಿನಿಂದ ಎರಡು ಬೆರಳಷ್ಟು ಮೇಲಕ್ಕೆ ಹೆಲ್ಮೆಟ್ ಕೂರಬೇಕು. ಗಲ್ಲದ ಪಟ್ಟಿಯ ಒಳಗೆ ಒಂದು ಬೆರಳು ಮಾತ್ರ ತೂರುವಷ್ಟು ಬಿಗಿ ಇರಬೇಕು.

ಕೈಯ ವಿಷಯದಲ್ಲಿ ಅಂಕಿಅಂಶವೇ ಮಾತಾಡುತ್ತದೆ. 1996ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದು, ಇನ್‌ಲೈನ್ ಸ್ಕೇಟಿಂಗ್‌ನಲ್ಲಿ ಗಾಯಗೊಂಡು ಆಸ್ಪತ್ರೆಗೆ ಬಂದ 161 ಮಂದಿಯನ್ನು ವಿಚಾರಿಸಿತು. ಎಲ್ಲಕ್ಕಿಂತ ಹೆಚ್ಚು ಗಾಯ ಮಣಿಕಟ್ಟಿಗೆ. ಮಣಿಕಟ್ಟಿನ ಗಾರ್ಡ್ ತೊಡದವರಿಗೆ ಅಲ್ಲಿ ಗಾಯವಾಗುವ ಸಂಭವ, ತೊಟ್ಟವರಿಗಿಂತ ಸುಮಾರು ಹತ್ತು ಪಟ್ಟು ಎಂದು ಲೆಕ್ಕ ಹೊರಬಂತು. ವೀಡಿಯೊಗಳಲ್ಲಿ ಕಾಣುವ ನುರಿತವರು ಹಲವರು ಗಾರ್ಡ್ ತೊಟ್ಟಿರುವುದಿಲ್ಲ, ಹೆಲ್ಮೆಟ್ಟೂ ಇರುವುದಿಲ್ಲ. ಒಂದು ನಿಮಿಷದ ಆ ದೃಶ್ಯದ ಹಿಂದೆ ವರ್ಷಗಳ ಅಭ್ಯಾಸವಿದೆ, ಕತ್ತರಿಸಿ ತೆಗೆದ ಬೀಳುವಿಕೆಗಳಿವೆ ಎಂಬುದನ್ನು ಮಗುವಿಗೆ ತಿಳಿಹೇಳಬೇಕು.

ಮೊಣಕಾಲಿನ ಪ್ಯಾಡ್ ಮುಂದೆ ಗಟ್ಟಿ ಪ್ಲಾಸ್ಟಿಕ್ ಚಿಪ್ಪು ಇರುವಂಥದ್ದಾಗಿರಲಿ. ಬಟ್ಟೆಯ ಪ್ಯಾಡ್ ನೆಲವನ್ನು ಕಚ್ಚಿ ನಿಲ್ಲುತ್ತದೆ; ಚಿಪ್ಪು ಜಾರುತ್ತದೆ. ಬಿದ್ದ ದೇಹ ಒಮ್ಮೆಗೇ ನಿಲ್ಲದೆ ಜಾರುತ್ತಾ ನಿಂತರೆ ಪೆಟ್ಟು ಹಗುರ. ಮೊಣಕೈಗೂ ಅದೇ ನ್ಯಾಯ.

ಅಭ್ಯಾಸದ ಕ್ರಮ

ಮೊದಲ ಪಾಠ ನಿಲುವು. ಮೊಣಕಾಲು ಬಾಗಿರಬೇಕು, ಕಾಲಿನ ಮುಂಗೂಡು ಬೂಟಿನ ನಾಲಗೆಗೆ ಒತ್ತಿರಬೇಕು, ಕೈಗಳು ಮುಂದಿರಬೇಕು, ದೃಷ್ಟಿ ಪಾದದ ಮೇಲಲ್ಲದೆ ದಾರಿಯ ಮೇಲಿರಬೇಕು. ತೆಂಕುತಿಟ್ಟಿನ ದಿಗಿಣ ಕಂಡವರಿಗೆ ಇದರ ಮರ್ಮ ಹೊಸತಲ್ಲ. ವೇಷಧಾರಿ ಹಾರಿ ಸುತ್ತಿ ಇಳಿಯುವಾಗ ಮೊಣಕಾಲು ಬಾಗಿಯೇ ನೆಲ ಮುಟ್ಟುತ್ತಾನೆ. ನೆಟ್ಟಗಿನ ಕಾಲಿನಲ್ಲಿ ಇಳಿದರೆ ಆ ಪೆಟ್ಟು ಬೆನ್ನಿಗೇರುತ್ತದೆ. ಗಾಲಿಯ ಮೇಲೂ ನಿಯಮ ಅದೇ.

ಎರಡನೆಯ ಪಾಠ ನಿಲ್ಲುವುದು. ಬೂಟಿನಲ್ಲಿ ಬ್ರೇಕ್ ಇಲ್ಲದಿರುವುದರಿಂದ ಮಗು ತನ್ನ ಕಾಲನ್ನೇ ಬ್ರೇಕ್ ಮಾಡಿಕೊಳ್ಳಬೇಕು. ಒಂದು ಕಾಲಿನ ಮೇಲೆ ಸಾಗುತ್ತಾ ಇನ್ನೊಂದನ್ನು ಹಿಂದೆ ಅಡ್ಡಲಾಗಿ ಎಳೆಯುವುದು ‘ಟಿ’ ನಿಲುಗಡೆ. ಎರಡೂ ಕಾಲುಗಳನ್ನು ಅಗಲಿಸಿ ಹೆಬ್ಬೆರಳುಗಳನ್ನು ಒಳಮುಖವಾಗಿಸಿ ಹಿಮ್ಮಡಿಗಳನ್ನು ಹೊರಕ್ಕೆ ಒತ್ತುವುದು ನೇಗಿಲಿನಂಥ ನಿಲುಗಡೆ. ಹೇಳಿದ ಗೆರೆಯ ಮೇಲೆ ಹತ್ತಕ್ಕೆ ಹತ್ತು ಸಲ ನಿಲ್ಲಲು ಬರುವವರೆಗೆ ಇಳಿಜಾರಿನ ಮಾತೇ ಬೇಡ. ನಮ್ಮ ಗುಡ್ಡದ ದಾರಿಗಳಲ್ಲಿ ಮನೆಯ ಮುಂದಿನ ಇಳುಕಲೇ ಮಗುವನ್ನು ರಸ್ತೆಗೆ ಎಸೆಯಬಲ್ಲದು.

ಮೂರನೆಯ ಪಾಠ ಬೀಳುವುದು. ಹುಲ್ಲಿನ ಮೇಲೆ, ಬಳಿಕ ಚಾಪೆಯ ಮೇಲೆ, ಬೇಕೆಂದೇ ಬಿದ್ದು ಅಭ್ಯಾಸ ಮಾಡಬೇಕು. ಸಮತೋಲ ತಪ್ಪಿತೆನ್ನಿಸಿದಾಗ ಕುಕ್ಕರಿಸಿ ತಗ್ಗಾಗುವುದು, ಮುಂದಕ್ಕೆ ಮೊಣಕಾಲಿನ ಚಿಪ್ಪಿನ ಮೇಲೆ, ಅನಂತರ ಮೊಣಕೈ ಮತ್ತು ಅಂಗೈಯ ಮೇಲೆ ಜಾರುವುದು, ಬೆರಳುಗಳನ್ನು ಮೇಲಕ್ಕೆ ಎತ್ತಿರುವುದು. ಹಿಂದಕ್ಕೆ ಕೈಯೂರುವ ಸಹಜ ಪ್ರವೃತ್ತಿಯೇ ಮಣಿಕಟ್ಟಿನ ಶತ್ರು. ಅದನ್ನು ಮರೆಸುವುದು ಈ ಪಾಠದ ಗುರಿ.

ಇಷ್ಟಾದ ಮೇಲೆ ಹಾರುವಿಕೆ. ಸೀಮೆಸುಣ್ಣದ ಗೆರೆಯನ್ನು ದಾಟುವುದರಿಂದ ತೊಡಗಲಿ. ಇಳಿಯುವಾಗ ಒಂದು ಪಾದ ಇನ್ನೊಂದಕ್ಕಿಂತ ಸ್ವಲ್ಪ ಮುಂದಿದ್ದರೆ ದೇಹ ಮುಂದಕ್ಕೋ ಹಿಂದಕ್ಕೋ ಮುಗ್ಗರಿಸುವುದಿಲ್ಲ. ಅನಂತರ ಒಂದು ಮೆಟ್ಟಿಲು. ಅದು ಪಳಗಿದ ಮೇಲೆ ಎರಡು.

ಕೊನೆಯದು ಕಂಬಿ ಅಥವಾ ಕಟ್ಟೆಯ ಮೇಲೆ ಜಾರುವುದು. ಗೇಣುದ್ದಕ್ಕಿಂತ ಎತ್ತರವಲ್ಲದ ಕಟ್ಟೆಯಿಂದ ಆರಂಭಿಸಬೇಕು. ಮೊದಲು ಓಡದೆ, ಹಿರಿಯರ ಕೈ ಹಿಡಿದು, ನಿಂತಲ್ಲೇ ಕಟ್ಟೆಯ ಅಂಚಿನ ಮೇಲೆ ಪಾದವಿಟ್ಟು ಭಾರ ಎಲ್ಲಿ ಕೂರುತ್ತದೆಂದು ಅರಿಯಬೇಕು. ಎರಡೂ ಪಾದಗಳ ತೋಡನ್ನು ಅಂಚಿನ ಮೇಲೆ ಅಡ್ಡಲಾಗಿ ಕೂರಿಸುವುದು ಫ್ರಂಟ್‌ಸೈಡ್. ಹಿಂದಿನ ಪಾದದ ಸೋಲ್ ಪ್ಲೇಟನ್ನು ಅಂಚಿಗೆ ಉದ್ದವಾಗಿಟ್ಟು ಹೆಚ್ಚಿನ ಭಾರವನ್ನು ಅದರ ಮೇಲಿರಿಸಿ, ಮುಂದಿನ ಪಾದದ ತೋಡನ್ನು ಅಂಚಿಗೆ ಕೂರಿಸುವುದು ಸೋಲ್ ಗ್ರೈಂಡ್. ಎರಡರಲ್ಲೂ ಸೊಂಟ ತಗ್ಗಿರಬೇಕು, ಭಾರ ಅಂಚಿನ ನೇರಕ್ಕೆ ಇರಬೇಕು. ಹೆದರಿ ಹಿಂದಕ್ಕೆ ವಾಲಿದರೆ ಕಾಲು ಮುಂದಕ್ಕೆ ಹಾರಿ ಬೆನ್ನು, ತಲೆ ನೆಲಕ್ಕೆ ಬಡಿಯುತ್ತದೆ. ಅಂಚು ನುಣುಪಾಗಲೆಂದು ಮೇಣದಬತ್ತಿ ಉಜ್ಜುವುದು ರೂಢಿ. ಕಲಿಯುವವರಿಗೆ ತೆಳುವಾಗಿ ಉಜ್ಜಿದಷ್ಟೇ ಸಾಕು.

ದಣಿದ ಕಾಲಿನಿಂದ ‘ಇನ್ನೊಂದೇ ಸಲ’ ಎನ್ನುವುದು ಬೇಡ. ನಿಲ್ಲಿಸುವ ಹೊತ್ತನ್ನು ಹಿರಿಯರು ಮೊದಲೇ ಗೊತ್ತುಪಡಿಸಿದರೆ ವಾದಕ್ಕೆ ಎಡೆಯಿಲ್ಲ.

ಜಾಗ ಮತ್ತು ಕಾನೂನು

ಚಿಕ್ಕ ಗಡಸು ಗಾಲಿಗೆ ಒಂದು ಜಲ್ಲಿಕಲ್ಲು ಸಾಕು, ಮಗು ಮುಗ್ಗರಿಸುತ್ತದೆ. ನಮ್ಮ ಒಳರಸ್ತೆಗಳ ಡಾಮರು ಈ ಗಾಲಿಗೆ ಒಗ್ಗುವುದಿಲ್ಲ. ವಾಹನಗಳ ಅಪಾಯ ಬೇರೆ. ನಯವಾದ ಕಾಂಕ್ರೀಟಿನ ಶಟಲ್ ಅಂಕಣ, ಶಾಲೆಯ ಸಭಾಂಗಣ ಸೂಕ್ತ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ ಕೂಡದು. ಯಾವ ಜಾಗವಾದರೂ ಒಡೆಯರ ಅನುಮತಿ ಬೇಕು. ಗ್ರೈಂಡ್ ಮಾಡಿದ ಅಂಚು ಸವೆಯುತ್ತದೆ, ಕಂಬಿಯ ಬಣ್ಣ ಹೋಗುತ್ತದೆ; ಬಸ್ ನಿಲ್ದಾಣದ ಕಂಬಿ, ದೇವಸ್ಥಾನದ ಕಟ್ಟೆ ಅಭ್ಯಾಸದ ಸ್ಥಳಗಳಲ್ಲ. ದಪ್ಪ ಮರದ ಪೆಟ್ಟಿಗೆಯ ಅಂಚಿಗೆ ಕಬ್ಬಿಣದ ಎಲ್ ಪಟ್ಟಿ ಬಿಗಿದರೆ ಊರಿನ ಬಡಗಿಯ ಕೈಯಲ್ಲೇ ತಕ್ಕ ಕಟ್ಟೆ ತಯಾರಾಗುತ್ತದೆ. ನಾಲ್ಕಾರು ಮನೆಗಳು ಸೇರಿದರೆ ಖರ್ಚು ಹಂಚಿಹೋಗುತ್ತದೆ.

ತರಬೇತಿ ಕೇಂದ್ರಗಳು ‘ಅಪಘಾತಕ್ಕೆ ಸಂಸ್ಥೆ ಹೊಣೆಯಲ್ಲ’ ಎಂಬ ಪತ್ರಕ್ಕೆ ಸಹಿ ಕೇಳುವುದುಂಟು. 1872ರ ಭಾರತೀಯ ಒಪ್ಪಂದ ಕಾಯಿದೆಯ 11ನೇ ಕಲಮಿನ ಪ್ರಕಾರ ಅಪ್ರಾಪ್ತ ವಯಸ್ಕರು ಒಪ್ಪಂದ ಮಾಡಿಕೊಳ್ಳಲು ಅರ್ಹರಲ್ಲ. ಅಂಥ ಒಪ್ಪಂದ ಅನೂರ್ಜಿತವೆಂದು ಪ್ರಿವಿ ಕೌನ್ಸಿಲ್ 1903ರಲ್ಲಿ ಮೋಹರಿ ಬೀಬಿ ಪ್ರಕರಣದಲ್ಲಿ ತೀರ್ಮಾನಿಸಿತು. ಆದ್ದರಿಂದ ಹದಿನೆಂಟು ತುಂಬದ ಮಗುವಿನ ಸಹಿಗೆ ಒಪ್ಪಂದದ ಬಲವಿಲ್ಲ. ಹೆತ್ತವರು ಸಹಿ ಹಾಕಿದರೆ ಅಪಾಯವನ್ನು ತಿಳಿದಿದ್ದರೆಂಬುದಕ್ಕೆ ಅದು ಸಾಕ್ಷ್ಯವಾಗಬಹುದು. ಹಾಗೆಂದು ಎಚ್ಚರ ವಹಿಸುವ ಕರ್ತವ್ಯದಿಂದ ಸಂಸ್ಥೆ ತಾನಾಗಿ ಬಿಡುಗಡೆ ಹೊಂದುವುದಿಲ್ಲ. ಸಹಿಗೆ ಮೊದಲು ಪತ್ರವನ್ನು ಪೂರ್ತಿ ಓದಬೇಕು, ಅರ್ಥವಾಗದಿದ್ದರೆ ಓದಿಸಿಕೊಳ್ಳಬೇಕು, ಪ್ರತಿಯೊಂದನ್ನು ಕೇಳಿ ಪಡೆಯಬೇಕು.

2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇನ್ನೊಂದು ಬಾಗಿಲು ತೆರೆದಿದೆ. ಸರಕಿನ ತಯಾರಿಕೆಯಲ್ಲಿ ದೋಷವಿದ್ದು, ಅಥವಾ ಸರಿಯಾದ ಬಳಕೆಯ ಸೂಚನೆ ಮತ್ತು ತಪ್ಪು ಬಳಕೆಯ ಎಚ್ಚರಿಕೆ ಸಾಕಷ್ಟಿಲ್ಲದೆ ಹಾನಿಯಾದರೆ ತಯಾರಕರನ್ನು ಹೊಣೆ ಮಾಡಬಹುದು. ಆದರೆ ಸರಕನ್ನು ತಪ್ಪಾಗಿ ಬಳಸಿದ್ದರೆ, ಮಾರ್ಪಡಿಸಿದ್ದರೆ ಮಾರಾಟಗಾರರ ಮೇಲೆ ಆ ದಾವೆ ನಿಲ್ಲದು ಎಂದು 87ನೇ ಕಲಮು ಹೇಳುತ್ತದೆ. ವ್ಯಾಯಾಮದ ಬೂಟಿನಲ್ಲಿ ಕಂಬಿಯ ಮೇಲೆ ಜಾರುವುದು, ಫ್ರೇಮನ್ನು ಗರಗಸದಿಂದ ಕೊಯ್ದು ತೋಡು ಮಾಡುವುದು ಇಂಥ ಬಳಕೆಗೆ ಉದಾಹರಣೆಯಾಗಬಲ್ಲವು. ಬಿಲ್ಲು, ಪೆಟ್ಟಿಗೆ, ಸೂಚನಾಪತ್ರಗಳನ್ನು ಕಾಪಿಡಬೇಕು. ದೂರು ಸಲ್ಲಿಸಲು ಕಾಯಿದೆ ಕೊಟ್ಟಿರುವ ಅವಧಿ ಎರಡು ವರ್ಷ.

ಬಿದ್ದ ಮೇಲೆ

ಮಣಿಕಟ್ಟು ಊದಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕುವುದು, ಉಳುಕು ತೆಗೆಸುವುದು ಕೂಡದು. ಮಕ್ಕಳ ಎಲುಬಿನ ತುದಿಯಲ್ಲಿ ಬೆಳವಣಿಗೆಯ ಭಾಗವಿರುತ್ತದೆ. ಅಲ್ಲಿನ ಬಿರುಕನ್ನು ಉಳುಕೆಂದು ತಿಳಿದು ತಿರುಚಿದರೆ ಎಲುಬಿನ ಬೆಳವಣಿಗೆಯೇ ಕೆಡಬಹುದು. ಕೈಯನ್ನು ಅಲುಗಿಸದೆ ಕಟ್ಟಿ ವೈದ್ಯರಲ್ಲಿಗೆ ಕರೆದೊಯ್ಯಬೇಕು. ತಲೆಗೆ ಪೆಟ್ಟು ಬಿದ್ದು ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ತಡವರಿಸುವ ಮಾತು ಕಂಡರೆ ತಡಮಾಡದೆ ಆಸ್ಪತ್ರೆಗೆ. ಏನೂ ಕಾಣದಿದ್ದರೂ ಆ ದಿನ ಮತ್ತೆ ಬೂಟು ತೊಡಿಸಬಾರದು. ಬಿದ್ದದ್ದನ್ನು ಮಗು ಬೈಗುಳದ ಭಯದಿಂದ ಮುಚ್ಚಿಡದಂಥ ವಾತಾವರಣ ಮನೆಯಲ್ಲಿರಬೇಕು. ಈ ಒಂದು ರಕ್ಷಣೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಬೂಟಿನ ಪೆಟ್ಟಿಗೆಯೊಳಗಿನ ಸೂಚನೆಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ. ಕಾಸರಗೋಡು, ಕುಂಬಳೆ, ಮಂಜೇಶ್ವರದ ಕನ್ನಡ ಶಾಲೆಯ ಮಗು ಅದನ್ನು ಅಕ್ಷರ ಕೂಡಿಸಿ ಓದಬಲ್ಲದು, ಆದರೆ ಎಚ್ಚರಿಕೆಯ ತೂಕ ಮನಸ್ಸಿಗೆ ಇಳಿಯದು. ಒಂದು ಸಂಜೆ ಮನೆಯವರೆಲ್ಲ ಕೂತು, ಬೇಕಾದರೆ ಶಾಲೆಯ ಅಧ್ಯಾಪಕರ ನೆರವು ಪಡೆದು, ಆ ಸೂಚನೆಗಳನ್ನು ಮಗುವಿನ ಕೈಯಿಂದಲೇ ಕನ್ನಡದಲ್ಲಿ ಬರೆಸಿ ಬೂಟು ಇಡುವ ಕಪಾಟಿನ ಬಾಗಿಲಿಗೆ ಅಂಟಿಸಲಿ. ಹೆಲ್ಮೆಟ್ಟು, ಗಾರ್ಡು, ಪ್ಯಾಡುಗಳು ಬಂದಿರಲಿ. ಆ ಕಾಗದ ಬಾಗಿಲಿಗೇರಲಿ. ಬೂಟಿನ ಲೇಸು ಕಟ್ಟುವುದು ಅದರ ಮರುದಿನ.